ಮೇಷ್ಟ್ರ ಬಸ್ಕಿ

ಎಲ್ಲಕ್ಕೂ ಕಾರಣ ಒಂದು ಅಂಗಿಯ ಗುಂಡಿ. ಮೈಸೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಗಣಿತ ಹೇಳಿಕೊಡುತ್ತಿರುವ ನಮ್ಮ ಮೇಷ್ಟ್ರು, ಕೈಜಾರಿದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದರು. ಹೊಟ್ಟೆಯ ಮೇಲಿನ ಗುಂಡಿ ಅಷ್ಟು ದಿನ ತಡೆದುಕೊಂಡಿದ್ದೇ ಹೆಚ್ಚು. ಅದು ಹಾರಿ ಹೋಗಿ ಮೊದಲ ಬೆಂಚಿನ ಹುಡುಗಿಯ ಜಾಮಿಟ್ರಿ ಬಾಕ್ಸಿಗೆ ಟಣ್ಣೆಂದು ಬಡಿಯಿತು. ಹುಡುಗಿ ನಗಲಿಲ್ಲ. ಎದ್ದು ಬಂದು, ಪ್ರಸಾದ ಕೊಡುವವಳಂತೆ ಗುಂಡಿಯನ್ನು ಮುಂದೆ ಹಿಡಿದು, ‘ಸಾರ್, ನಿಮ್ಮದು’ ಎಂದಳು. ನಕ್ಕಿದ್ದರೆ ಗದರಿಸಿ ಮರೆತುಬಿಡಬಹುದಿತ್ತು.

ಅಂದು ಸಂಜೆ ತೂಕ ನೋಡಿಕೊಂಡರು: 88 ಕಿಲೋ. ಎತ್ತರ 168 ಸೆಂಟಿಮೀಟರ್. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಬಂದ ಉತ್ತರ 31.2. ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಗೆರೆ ಎಳೆದಿದ್ದಾರೆ. ಈ ಸೂತ್ರವನ್ನು 19ನೇ ಶತಮಾನದಲ್ಲಿ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ವೈದ್ಯನೇ ಅಲ್ಲ, ಖಗೋಳ ಮತ್ತು ಗಣಿತದ ಪಂಡಿತ ಎಂಬುದು ತಿಳಿದಾಗ ಮೇಷ್ಟ್ರಿಗೆ ಇನ್ನಷ್ಟು ಸಂಕಟವಾಯಿತು. ಬೇರೆಯವರು ಹೇಳಿದ್ದರೆ ತಳ್ಳಿಹಾಕಬಹುದಿತ್ತು. ಹೇಳಿದವನು ಸ್ವಜಾತಿಯವನು.

ಹೀಗೆ ಅವರು ಬೆಳಿಗ್ಗೆ ಐದೂವರೆಗೆ ಜಿಮ್ಮಿನ ಮೆಟ್ಟಿಲು ಹತ್ತಿದರು. ಜಿಮ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೇಲೆ ತಲುಪುವಷ್ಟರಲ್ಲಿ ಅಂದಿನ ವ್ಯಾಯಾಮ ಮುಗಿಯಿತೆಂದೇ ಅವರು ಭಾವಿಸಿದ್ದರು. ಅಷ್ಟರಲ್ಲಿ ಒಳಗಿನಿಂದ ತೋಳಿಲ್ಲದ ಬನಿಯನ್ ತೊಟ್ಟ ಟ್ರೈನರ್ ಬಂದು ಕಾಲಿಗೆ ನಮಸ್ಕರಿಸಿದ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಹಳೆಯ ಶಿಷ್ಯ! ‘ಸಾರ್, ಮೊದಲು ಸ್ಕ್ವಾಟ್ಸ್ ಮಾಡೋಣ’ ಎಂದ.

ಸ್ಕ್ವಾಟ್ಸ್ ಎಂದರೇನು ಎಂದು ಮೇಷ್ಟ್ರು ಕೇಳಿದರು. ಹುಡುಗ ಕುಳಿತು ಎದ್ದು ತೋರಿಸಿದ. ಮೇಷ್ಟ್ರ ಮುಖ ಬಿಳುಚಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ಮಕ್ಕಳಿಗೆ ದೈಹಿಕ ಶಿಕ್ಷೆ ನಿಷಿದ್ಧ ಎನ್ನುವವರೆಗೂ, ಮಗ್ಗಿ ತಪ್ಪಿದವರಿಗೆಲ್ಲ ಅವರು ಧಾರಾಳವಾಗಿ ಹಂಚಿದ್ದ ಬಸ್ಕಿಯೇ ಅದು! ಒಂದೇ ವ್ಯತ್ಯಾಸ: ಅದನ್ನು ಅವರು ಪುಕ್ಕಟೆ ಕೊಡುತ್ತಿದ್ದರು, ಇಲ್ಲಿ ವರ್ಷದ ಶುಲ್ಕವನ್ನು ಮುಂಗಡ ಕಟ್ಟಬೇಕು.

ಹುಡುಗ ಎಣಿಸುವ ರೀತಿ ನೋಡಿದರೆ ಎರಡು ಸಲ ಫೇಲಾದದ್ದು ಆಶ್ಚರ್ಯವಲ್ಲ. ‘ಆರು, ಏಳು, ಏಳು, ಬೆನ್ನು ನೇರ ಸಾರ್, ಏಳು, ಎಂಟು, ಲಾಸ್ಟ್ ಒನ್, ಒಂಬತ್ತು, ಒಂದೇ ಒಂದು ಸಾರ್...’ ಎಂಟರ ಮುಂದೆ ‘ಕೊನೆಯದು’ ಬಂದ ಮೇಲೂ ಸರಣಿ ಮುಂದುವರಿಯುವುದನ್ನು ಮೇಷ್ಟ್ರು ಆಕ್ಷೇಪಿಸಿದರು. ಹಾಗೆ ವಾದಿಸುತ್ತ ಇನ್ನೂ ಎರಡು ಹೊಡೆದರು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಕಮೋಡಿನ ಮೇಲೆ ಕುಳಿತವರಿಗೆ ಏಳಲಾಗಲಿಲ್ಲ. ಶಾಲೆಯ ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡವಾಗಿ ಇಳಿದರು. ‘ಲ್ಯಾಕ್ಟಿಕ್ ಆಸಿಡ್ ಸಾರ್’ ಎಂದು ಶಿಷ್ಯ ಫೋನಿನಲ್ಲಿ ಸಮಾಧಾನ ಹೇಳಿದ. ಸ್ಟಾಫ್ ರೂಮಿನ ಜೀವಶಾಸ್ತ್ರದ ಮೇಡಂ ಅದನ್ನೂ ಕಿತ್ತುಕೊಂಡರು. ಲ್ಯಾಕ್ಟಿಕ್ ಆಮ್ಲ ಒಂದೆರಡು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗುತ್ತದಂತೆ. ಈ ನೋವು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗುವ ಸಣ್ಣಸಣ್ಣ ಗಾಯಗಳದ್ದು, ಒಂದರಿಂದ ಮೂರು ದಿನದೊಳಗೆ ತಾರಕಕ್ಕೇರಿ ತಾನಾಗಿ ಇಳಿಯುತ್ತದೆ. ವಿವರ ಸರಿಯಾಗಿಯೇ ಇತ್ತು. ಮೇಷ್ಟ್ರು ಮಾತ್ರ ಆ ವಾರವೆಲ್ಲ ನಿಂತೇ ಪಾಠ ಮಾಡಿದರು.

ಬಸ್ಕಿಗಿಂತ ಟ್ರೆಡ್‌ಮಿಲ್ ವಾಸಿ ಎಂದು ಅತ್ತ ಹೋದರೆ ಅಲ್ಲೂ ಶಿಕ್ಷೆಯ ಇತಿಹಾಸವೇ. ಅರ್ಧ ಗಂಟೆ ನಡೆದರೂ ಕಿಟಕಿಯಾಚೆಯ ತೆಂಗಿನಮರ ಹತ್ತಿರ ಬಾರದ ಈ ಯಂತ್ರದ ಪೂರ್ವಜನನ್ನು 1818ರಲ್ಲಿ ಇಂಗ್ಲೆಂಡಿನ ಜೈಲಿಗಾಗಿ ರೂಪಿಸಿದವನು ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್. ಕೈದಿಗಳು ದೊಡ್ಡ ಚಕ್ರದ ಮೆಟ್ಟಿಲುಗಳನ್ನು ತುಳಿಯುತ್ತಲೇ ಇರಬೇಕಿತ್ತು. 1895ರಲ್ಲಿ ಆಸ್ಕರ್ ವೈಲ್ಡ್ ಕೂಡ ಜೈಲಿನಲ್ಲಿ ಅದನ್ನು ತುಳಿದವನೇ. ಅಮಾನುಷವೆಂದು ಆ ಶತಮಾನದ ಕೊನೆಗೆ ಬ್ರಿಟಿಷರು ಕೈಬಿಟ್ಟದ್ದನ್ನು ಈಗ ನಾವು ಹಾಡು ಕೇಳುತ್ತ ತುಳಿಯುತ್ತೇವೆ. ಮೇಷ್ಟ್ರ ತೂಕದವರಿಗೆ ಅರ್ಧ ಗಂಟೆಯ ಬಿರುಸು ನಡಿಗೆಯಲ್ಲಿ ಕರಗುವುದು 200 ಕ್ಯಾಲೊರಿಯ ಆಸುಪಾಸು. ಜಿಮ್ಮಿನ ಕೆಳಗಿನ ಹೋಟೆಲಿನ ಬೆಣ್ಣೆ ಹಾಕಿದ ಮಸಾಲೆ ದೋಸೆ ಸಲೀಸಾಗಿ 350 ದಾಟುತ್ತದೆ. ಮೊದಲ ಎರಡು ವಾರ ಮೇಷ್ಟ್ರು ಮೇಲೆ ಕಳೆದು, ಕೆಳಗೆ ಕೂಡುತ್ತಿದ್ದರು.

ಮೂರನೇ ವಾರದ ತೂಕ: 88.6. ಶಿಷ್ಯನನ್ನು ಬೆಂಚಿನ ಮೇಲೆ ನಿಲ್ಲಿಸುವಷ್ಟು ಕೋಪ ಬಂತು. ಆದರೆ ತಪ್ಪು ಅವನದಲ್ಲ. ವ್ಯಾಯಾಮಕ್ಕೆ ಬಿದ್ದ ಸ್ನಾಯು ಗ್ಲೈಕೋಜನ್ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇತ್ತ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ‘ಒಂದೇ ತಿಂಗಳಲ್ಲಿ ಹತ್ತು ಕಿಲೋ’ ಎಂದು ಆಟೋಗಳ ಬೆನ್ನಿಗೆ ಅಂಟಿಸುವವರಿಗೆ ಯಾರಾದರೂ ಈ ಭಾಗಾಕಾರ ಕಲಿಸಬೇಕು.

ಆಮೇಲೆ ಮನೆಯಲ್ಲೂ ತಿದ್ದುಪಡಿಗಳಾದವು, ದೊಡ್ಡವೇನಲ್ಲ. ದೋಸೆ ಭಾನುವಾರಕ್ಕೆ ಸರಿಯಿತು. ಸ್ಟಾಫ್ ರೂಮಿನ ನಾಲ್ಕು ಗಂಟೆಯ ಬೋಂಡಾ ಗಣಿತ ವಿಭಾಗವನ್ನು ದಾಟಿ ಸಮಾಜ ವಿಜ್ಞಾನಕ್ಕೆ ಹೋಗತೊಡಗಿತು. ಮೂರನೇ ಸಲದ ಅನ್ನದ ಜಾಗಕ್ಕೆ ಮೊಳಕೆ ಹುರುಳಿಕಾಳಿನ ಉಸಲಿ ಬಂತು. ವಾರಕ್ಕೆ ಐದು ದಿನ ಜಿಮ್, ಅದರಲ್ಲಿ ಮೂರು ದಿನ ಭಾರ ಎತ್ತುವುದು. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕಿಂತ ಇದು ತುಸು ಹೆಚ್ಚೇ. ಜನವರಿಯಲ್ಲಿ ಹೊಸ ವರ್ಷದ ಶಪಥದವರು ತುಂಬಿಕೊಂಡು ಡಂಬೆಲ್ಲಿಗೂ ಪಾಳಿ ಹಚ್ಚಬೇಕಾಯಿತು. ಫೆಬ್ರವರಿಯಲ್ಲಿ ಮತ್ತೆ ಮೇಷ್ಟ್ರು, ಇಬ್ಬರು ನಿವೃತ್ತರು, ಒಂದು ಫ್ಯಾನು.

ಗೋಡೆಯ ತುಂಬ ವಿದೇಶಿ ಜಟ್ಟಿಗಳ ಚಿತ್ರಗಳೇ ಇರುವುದು ಮೇಷ್ಟ್ರಿಗೆ ಸರಿಕಾಣದು. ಒಂದು ದಿನ ಸೆಟ್ಟುಗಳ ನಡುವಿನ ಬಿಡುವಿನಲ್ಲಿ ಶಿಷ್ಯನಿಗೆ ಪಾಠ ಶುರುಮಾಡಿದರು: ನೀನು ಹಾಕಿರುವ ಈ ಸ್ಯಾಂಡೋ ಬನಿಯನ್ನಿನ ಹೆಸರು ಬಂದದ್ದು 1925ರಲ್ಲಿ ತೀರಿಕೊಂಡ ಯೂಜೆನ್ ಸ್ಯಾಂಡೋ ಎಂಬ ಜಟ್ಟಿಯಿಂದ, ಆದರೆ ನಮ್ಮಲ್ಲೇ ಕೆ.ವಿ. ಅಯ್ಯರ್ ಇದ್ದರು, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದರು, ಅದೇ ಕೈಯಿಂದ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಹುಡುಗ ಭಕ್ತಿಯಿಂದ ಕೇಳಿಸಿಕೊಂಡು, ‘ಬೈಸೆಪ್ಸ್ ಎಷ್ಟಿತ್ತು ಸಾರ್?’ ಎಂದ. ಮೇಷ್ಟ್ರು ಉತ್ತರ ಗೊತ್ತಿಲ್ಲದೆ ಡಂಬೆಲ್ ಎತ್ತಿಕೊಂಡರು.

ತೂಕದ ಯಂತ್ರ ಮಾತ್ರ ಸರ್ಕಾರಿ ಕಡತದ ಗತಿಯಲ್ಲೇ ಇತ್ತು. ಸರಾಸರಿ ತಿಂಗಳಿಗೆ ಅರ್ಧ ಕಿಲೋ, ಕೆಲವು ತಿಂಗಳು ಅದೂ ಇಲ್ಲ. ಸುದ್ದಿ ಮೊದಲು ಬಂದದ್ದು ಬೇರೆ ದಾರಿಗಳಲ್ಲಿ. ಬೂಟಿನ ದಾರ ಕಟ್ಟುವಾಗ ಉಸಿರು ಹಿಡಿಯಬೇಕಾಗಲಿಲ್ಲ. ತುಂಬಿದ ಗ್ಯಾಸ್ ಸಿಲಿಂಡರನ್ನು, ಅಂದರೆ 14.2 ಕಿಲೋ ಅನಿಲ ಮತ್ತು ಹೆಚ್ಚುಕಡಿಮೆ ಅಷ್ಟೇ ಭಾರದ ಕಬ್ಬಿಣವನ್ನು, ಬಾಗಿಲಿನಿಂದ ಅಡಿಗೆಮನೆಗೆ ಎತ್ತಿಕೊಂಡೇ ಹೋದರು. ಅದುವರೆಗೂ ಅದನ್ನು ಉರುಳಿಸುತ್ತಿದ್ದವರು ಹೆಂಡತಿ. ಆಕೆ ಏನೂ ಹೇಳಲಿಲ್ಲ, ಅಟ್ಟದ ಮೇಲಿದ್ದ ಅಕ್ಕಿಡಬ್ಬವನ್ನೂ ಇಳಿಸಲು ಹೇಳಿದರು. ಬೆಲ್ಟಿಗೆ ಒಳಬದಿಯಲ್ಲಿ ತೂತು ಹೊಡೆಸಲು ಹೋದಾಗ ಚಪ್ಪಲಿ ಹೊಲಿಯುವವನು ಮೊಳೆ ಇಟ್ಟು, ತಲೆಯೆತ್ತಿ, ‘ಈ ಕಡೆಗೇನಾ ಸಾಮಿ?’ ಎಂದು ಎರಡು ಸಲ ಕೇಳಿದ. ಎಲ್ಲರೂ ಬರುವುದು ಹೊರಬದಿಗೆ ಹೊಡೆಸಲಿಕ್ಕಂತೆ.

ಹದಿನಾಲ್ಕು ತಿಂಗಳಿಗೆ ತೂಕ 80.8. ಹೋದದ್ದು 7.2 ಕಿಲೋ. ಅಷ್ಟೂ ಕೊಬ್ಬೇ ಎಂದಿಟ್ಟುಕೊಂಡರೆ ಸುಮಾರು 55,440 ಕ್ಯಾಲೊರಿ, ದಿನಕ್ಕೆ 130. ಒಂದು ಬೋಂಡಾದ ಲೆಕ್ಕ! ಹೋದದ್ದಾದರೂ ಎಲ್ಲಿಗೆ? ಬೆವರಿಗೆ ಎಂದು ಶಿಷ್ಯ ನಂಬಿದ್ದಾನೆ. ನಿಜವೆಂದರೆ ಕರಗಿದ ಹತ್ತು ಕಿಲೋ ಕೊಬ್ಬಿನಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೇ ಹೋಗುತ್ತದೆ, ಉಳಿದದ್ದಷ್ಟೇ ನೀರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದರ ಲೆಕ್ಕ ಬಿಡಿಸಿ ತೋರಿಸಿದ್ದಾರೆ. ಅಂದರೆ ಮೇಷ್ಟ್ರು ಆರು ಕಿಲೋದಷ್ಟನ್ನು ಮೈಸೂರಿನ ಗಾಳಿಗೆ ಊದಿಬಿಟ್ಟಿದ್ದಾರೆ. ಅದರಲ್ಲಿ ಒಂದಿಷ್ಟು ಹತ್ತನೇ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯ ಹೇಳುವಾಗಲೂ ಹೋಗಿರಬೇಕು.

ಬಿಎಂಐ ಈಗ 28.6. ಕ್ವೆಟ್ಲೆಯ ಪುಸ್ತಕದಲ್ಲಿ ಇನ್ನೂ ಪಾಸಾಗಿಲ್ಲ. ಶುಲ್ಕ ಮತ್ತೊಂದು ವರ್ಷಕ್ಕೆ ಕಟ್ಟಿಯಾಗಿದೆ. ಕಳೆದ ಸೋಮವಾರ ಹೆಗಲ ಮೇಲೆ 30 ಕಿಲೋ ಹೊತ್ತು ಬಸ್ಕಿ ಹೊಡೆದರು. ಹನ್ನೆರಡಕ್ಕೆ ನಿಲ್ಲಬೇಕಿತ್ತು, ಶಿಷ್ಯನ ಎಣಿಕೆ ಹತ್ತರಲ್ಲಿ ಎರಡು ಸಲ ಎಡವಿತು, ಒಟ್ಟು ಹದಿನಾಲ್ಕಾಯಿತು. ಮೇಷ್ಟ್ರು ತಿದ್ದಲಿಲ್ಲ.