ಹತ್ತು ಗುಂಟೆ ಇದ್ದಿಲು

ಕಾರು ಮಾರುವ ಹುಡುಗ ಬೆರಳು ಮಡಚಿ ಮಡಚಿ ಲೆಕ್ಕ ಒಪ್ಪಿಸಿದ್ದ. "ಇಂಜಿನ್ ಆಯಿಲ್ ಇಲ್ಲ ಸಾರ್. ಆಯಿಲ್ ಫಿಲ್ಟರ್ ಇಲ್ಲ. ಇಂಜಿನ್ನೇ ಇಲ್ಲವಲ್ಲ, ಅದಕ್ಕೆ ಏರ್ ಫಿಲ್ಟರ್ರೂ ಇಲ್ಲ. ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ." ಇಷ್ಟೊಂದು ಇಲ್ಲಗಳಿಗೆ ಅಷ್ಟೊಂದು ದುಡ್ಡು ಯಾಕೆ ಕೊಡಬೇಕು ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೂ ಕೊಂಡೆ. ಕಳಲೆಯಿಂದ ಮೈಸೂರಿಗೆ ದಿನಾ ಹೋಗಿ ಬರುವವನಿಗೆ ಪೆಟ್ರೋಲ್ ಬಂಕಿನ ಮುಂದೆ ತಲೆಯೆತ್ತಿ ದಾಟಿಹೋಗುವ ಸುಖ ಕಮ್ಮಿಯದಲ್ಲ.

ಕರೆಂಟಿನ ಕಾರು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನ ರೇವಾ ರಸ್ತೆಗಿಳಿದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ. ಕಳಲೆಗೆ ಬರುವುದು ಸ್ವಲ್ಪ ತಡವಾಯಿತು, ಅಷ್ಟೆ. ನಮ್ಮೂರಿಗೆ ಯಾವುದೇ ಆಗಲಿ ನಂಜನಗೂಡಲ್ಲಿ ಇಳಿದು, ಕಾಫಿ ಕುಡಿದು, ಆಮೇಲೆ ಬರುತ್ತದೆ.

ಒಂದೂವರೆ ವರ್ಷ ಕಾರು ಚಕಾರವೆತ್ತಲಿಲ್ಲ. ಆಮೇಲೊಂದು ದಿನ ಎ.ಸಿ. ಹಾಕಿದರೆ ಒದ್ದೆ ಗೋಣಿಚೀಲದ ವಾಸನೆ. ಹಿಂದಿನ ಸೀಟಿನಿಂದ ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ತೀರ್ಪು ಕೊಟ್ಟಳು: "ಇದ್ರೊಳಗ ಏನೋ ಸತ್ತದ ಕಣ್ಲಾ ಮಗ."

ಹುಡುಗ ಬೆರಳಲ್ಲಿ ಎಣಿಸದೆ ಬಿಟ್ಟ ಒಂದು ಐಟಂ ಆಗ ಬೆಳಕಿಗೆ ಬಂತು. ಇಂಜಿನ್ ಉಸಿರಾಡದಿದ್ದರೂ ಒಳಗೆ ಕೂತವರು ಉಸಿರಾಡುತ್ತಾರಲ್ಲ, ಅವರಿಗಾಗಿ ಒಂದು ಫಿಲ್ಟರ್ ಇದೆ. ಕ್ಯಾಬಿನ್ ಫಿಲ್ಟರ್ ಅನ್ನುತ್ತಾರೆ. ಗ್ಯಾರೇಜಿನವರ ಬಾಯಲ್ಲಿ ಎ.ಸಿ. ಫಿಲ್ಟರ್. ನನ್ನ ಕಾರಿನಲ್ಲಿ ಅದು ಎಡಗಡೆ ಸೀಟಿನ ಮುಂದೆ, ಆರ್.ಸಿ. ಬುಕ್ಕು, ಬಾಚಣಿಗೆ, ಹಳೇ ಟೋಲ್ ಚೀಟಿ ತುಂಬಿಡುವ ಡಬ್ಬಿಯ ಬೆನ್ನ ಹಿಂದಿದೆ. ಡಬ್ಬಿ ಕಳಚಿ, ಎರಡು ಕ್ಲಿಪ್ಪು ಒತ್ತಿ ಎಳೆದರೆ ಬಂತು.

ಬಂದದ್ದು ಫಿಲ್ಟರ್ ಅನ್ನುವುದಕ್ಕಿಂತ ನಮ್ಮ ಹೋಬಳಿಯ ಪಂಚನಾಮೆ. ಮಡಿಕೆ ಮಡಿಕೆಯಾಗಿ ಜೋಡಿಸಿದ, ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕಾದ ಬಟ್ಟೆಯಂಥ ಹಾಳೆ. ಆ ಮಡಿಕೆಗಳ ಸಂದಿನಲ್ಲಿ ಬೇವಿನೆಲೆ, ಕಡಲೆಕಾಯಿ ಸಿಪ್ಪೆ, ಒಂದು ಹಿಡಿ ಹುರುಳಿ ಹೊಟ್ಟು, ಒಂದು ಸತ್ತ ಜೇನುನೊಣ. ಮೂಲೆಯಲ್ಲಿ ಇಲಿ ಕಟ್ಟಿಕೊಂಡ ಸೊಗಸಾದ ಮನೆ. ಆ ಮನೆಯ ಮೆತ್ತೆಯನ್ನು ಅವ್ವ ಬೆರಳಲ್ಲಿ ಬಿಡಿಸಿ ನೋಡಿದಳು, ನೋಡಿ ಸುಮ್ಮನಾದಳು. ಕಾರ್ತಿಕದಲ್ಲಿ ಹೊಸೆದಿಟ್ಟ ಅವಳ ಹೂಬತ್ತಿಗಳು. ಡಬ್ಬಿಯಿಂದ ಬತ್ತಿ ಕಮ್ಮಿಯಾಗುತ್ತಿದೆ ಅಂತ ಎರಡು ತಿಂಗಳಿಂದ ನನ್ನ ಹೆಂಡತಿಯ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ. ಕಾರಿನ ಬಿಡಿಭಾಗವೊಂದು ಅತ್ತೆ ಸೊಸೆಯರ ರಾಜಿ ಮಾಡಿಸಿದ್ದನ್ನು ಯಾವ ಕಂಪನಿಯೂ ಜಾಹೀರಾತಿನಲ್ಲಿ ಹಾಕಿಕೊಂಡಿಲ್ಲ.

ಹುರುಳಿ ಹೊಟ್ಟಿನ ವಿಷಯಕ್ಕೆ ತಪ್ಪು ನನ್ನದೇ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ಎಲ್ಲ ರಸ್ತೆಗೆ ಹಾಸಿಬಿಟ್ಟರೆ ಬರೋ ಹೋಗೋ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಹಾಗೆ ಹಾಸಬೇಡಿ ಅಂತ ಪೊಲೀಸರು ಹೇಳುತ್ತಲೇ ಇರುತ್ತಾರೆ. ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು ಕಾರಿಗೆ ಬೆಂಕಿ ಬಿದ್ದದ್ದೂ ಉಂಟು. ಹಾಗಾಗಿ ಕಾರಿನವರು ಅಲ್ಲಿ ಹೆದರಿ ಹೆದರಿ ದಾಟುತ್ತಾರೆ. ಆದರೆ ನನ್ನ ಕಾರಿಗೆ ಕಾಯುವ ಸೈಲೆನ್ಸರ್ ಇಲ್ಲ, ಮೇಲಾಗಿ ಬ್ಯಾಟರಿಯ ದೆಸೆಯಿಂದ ತೂಕ ಜಾಸ್ತಿ ಎಂಬ ಗುಟ್ಟನ್ನು ನಾನೇ ಜಂಬಕ್ಕೆ ಹೇಳಿಕೊಂಡಿದ್ದೆ. ಮಾರನೆಯ ದಿನದಿಂದ ರಸ್ತೆ ಪಕ್ಕದ ಯಜಮಾನರು ಕೈ ಅಡ್ಡ ಹಿಡಿಯಲು ಶುರು ಮಾಡಿದರು. "ಸಾ, ನಿಮ್ದು ಬೆಂಕಿ ಇಲ್ಲದ ಗಾಡಿ. ಹಿಂದಕ್ಕೊಂದ್ಸಲ, ಮುಂದಕ್ಕೊಂದ್ಸಲ ಹತ್ತಿಸ್ಬುಟ್ಟು ಹೋಗಿ." ಎಷ್ಟೋ ಲಕ್ಷದ ಕಾರು ರೋಣಗಲ್ಲಾಗಿ ಒಂದು ಸುಗ್ಗಿ ಕಳೆಯಿತು. ಕೂಲಿಯಾಗಿ ಎರಡು ಸೇರು ಹುರುಳಿ ಡಿಕ್ಕಿಗೆ ಬಂತು, ಹೊಟ್ಟು ಫಿಲ್ಟರಿಗೆ ಹೋಯಿತು.

ತೊಳೆದು ಒಣಗಿಸಿ ಹಾಕೋಣ ಎಂದು ಮೊದಲು ಯೋಚಿಸಿದೆ. ತಪ್ಪಂತೆ. ಆ ಹಾಳೆಯ ಎಳೆಗಳಿಗೆ ಕಾರ್ಖಾನೆಯಲ್ಲೇ ಸ್ವಲ್ಪ ಸ್ಥಾಯೀ ವಿದ್ಯುತ್ ತುಂಬಿರುತ್ತಾರೆ. ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಹಿಡಿಸುತ್ತಿದ್ದೆವಲ್ಲ, ಅದೇ ಆಟ. ಸಣ್ಣ ಧೂಳನ್ನು ಅದು ಎಳೆದು ಹಿಡಿಯುವುದು ಹಾಗೆ. ಸೋಪಿನ ನೀರು ತಗುಲಿದರೆ ಆ ಸೆಳೆತ ಹೋಗಿ ಬರೀ ಜಾಲರಿ ಉಳಿಯುತ್ತದೆ. ಹೊಸದೇ ಆಗಬೇಕು.

ನಂಜನಗೂಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ.

"ಯಾವ ಗಾಡಿ ಸಾ? ಪೆಟ್ರೋಲಾ, ಡೀಸೆಲ್ಲಾ?"

"ಕರೆಂಟು."

"ಕರೆಂಟಿಗೆ ಗಾಳಿ ಯಾಕ ಸಾ?"

"ಕಾರಿಗಲ್ಲಪ್ಪ, ನನಗೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಳತೆ ಕೇಳಿದ. ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅಳೆದು ತಂದಿದ್ದೆ. ಅಳತೆಯಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಕೆಲಸ ಕೆಟ್ಟಿತು. ಗಾಳಿ ನಮ್ಮೂರ ಬೀಡಾಡಿ ದನದ ಹಾಗೆ. ಬೇಲಿ ಎಷ್ಟು ಚೆನ್ನಾಗಿದೆ ಎಂದು ನೋಡುವುದಿಲ್ಲ, ಕಿಂಡಿ ಎಲ್ಲಿದೆ ಎಂದು ನೋಡುತ್ತದೆ.

ಅವನು ಮೇಜಿನ ಮೇಲೆ ಮೂರು ಇಟ್ಟ. 300 ರೂಪಾಯಿಯ ಬಿಳಿ ಹಾಳೆ, 700 ರೂಪಾಯಿಯ ಇದ್ದಿಲು ಹಾಕಿದ ಕರಿ ಹಾಳೆ, 2,000 ದಾಟಿದ ಹೆಪಾ. ಮೂರು ಸೀರೆ ಮುಂದಿಟ್ಟುಕೊಂಡ ಹೆಂಗಸರನ್ನು ಇಷ್ಟು ವರ್ಷ ಗೇಲಿ ಮಾಡಿದ ಪಾಪ ಅಂದು ತೀರಿತು. ಎತ್ತಿ ನೋಡಿದೆ, ಬೆಳಕಿಗೆ ಹಿಡಿದೆ, ಊದಿದೆ, ಮೂಸಿದೆ. ಹೆಪಾ ಅಂದರೆ 0.3 ಮೈಕ್ರಾನ್ ಕಣಗಳಲ್ಲೂ ನೂರಕ್ಕೆ 99.97ನ್ನು ತಡೆಯುವ ಜಾತಿ. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಅಂದರೆ ಲೆಕ್ಕ ಹಾಕಿ. 1940ರ ದಶಕದಲ್ಲಿ ಅಮೆರಿಕದವರು ಅಣುಬಾಂಬಿನ ಕೆಲಸ ನಡೆಸುವಾಗ ವಿಕಿರಣದ ಧೂಳು ತಡೆಯಲು ಕಂಡುಕೊಂಡ ವಿದ್ಯೆ. ಹುರುಳಿ ಹೊಟ್ಟಿಗೆ ಅಷ್ಟು ಬೇಕೇ? ಡಬ್ಬದ ಮೇಲೆ ಸಣ್ಣಕ್ಷರದಲ್ಲಿ 'ಹೆಪಾ ಮಾದರಿ' ಎಂದೂ ಇತ್ತು. ಮಾದರಿ ಎಂಬ ಮಾತು ಬಂದಲ್ಲೆಲ್ಲ ನನಗೆ ಒಂದು ಗುಮಾನಿ, ಮಾದರಿ ಗ್ರಾಮ ನೋಡಿದವನು ನಾನು.

ಇನ್ನೊಂದು ತೊಡಕು. ಹಾಳೆ ಬಿಗಿಯಾದಷ್ಟೂ ಧೂಳಿನ ಜೊತೆ ಗಾಳಿಯೂ ನಿಲ್ಲುತ್ತದೆ. ಇದು ಕಳಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟದ್ದೇ ನಮ್ಮೂರ ಮನೆತನ. ದಳವಾಯಿ ದೇವರಾಜಯ್ಯ, ಅವರ ತಮ್ಮ ಕರಾಚೂರಿ ನಂಜರಾಜಯ್ಯ. ಇಮ್ಮಡಿ ಕೃಷ್ಣರಾಜ ಒಡೆಯರು 1734ರಿಂದ 1766ರವರೆಗೆ ಪಟ್ಟದಲ್ಲಿದ್ದರು. ಪಟ್ಟ ಅವರದು, ಕಾರುಬಾರು ಇವರದು. ಅರಸರವರೆಗೆ ಯಾವ ಗಾಳಿ ಹೋಗಬೇಕು, ಎಷ್ಟು ಹೋಗಬೇಕು ಎಂಬುದೆಲ್ಲ ಈ ಅಣ್ಣತಮ್ಮಂದಿರನ್ನು ದಾಟಿಕೊಂಡೇ. ಕೊನೆಗೆ ಹೈದರಲಿ ಬಂದು ಹಳೇ ಫಿಲ್ಟರ್ ಕಿತ್ತು ಆ ಜಾಗದಲ್ಲಿ ತಾನೇ ಕೂತ, ಒಳಗಿದ್ದವರಿಗೆ ಗಾಳಿಯೇನೂ ಜಾಸ್ತಿಯಾಗಲಿಲ್ಲ. ಊರಿನ ಮರ್ಯಾದೆಗೆ ಇದನ್ನೂ ಹೇಳಬೇಕು: 1735ರಲ್ಲಿ ನಂಜನಗೂಡಿನ ಹತ್ತಿರ ಕಪಿಲೆಗೆ ಕಲ್ಲಿನ ಸೇತುವೆ ಕಟ್ಟಿಸಿದವರು ಅದೇ ದೇವರಾಜಯ್ಯ. ರೈಲು ಎಂಬುದೇ ಇಲ್ಲದ ಕಾಲದಲ್ಲಿ ಕಟ್ಟಿದ ಆ ಸೇತುವೆಯ ಮೇಲೆ ಆಮೇಲೆ ರೈಲೂ ಓಡಿತು. ಅಂಥವರು ಫಿಲ್ಟರ್ ಮಾಡಿಸಿದ್ದರೆ ತೊಳೆದು ಹಾಕಬಹುದಿತ್ತೋ ಏನೋ.

ಹೆಪಾ ಬಿಟ್ಟೆ. ಉಳಿದದ್ದು ಬಿಳಿಯೋ ಕರಿಯೋ. ಎರಡನ್ನೂ ವಾಪಸು ಕೊಡುವ ಕರಾರಿನ ಮೇಲೆ ಮನೆಗೆ ತಂದು ಜಗಲಿಯ ಮೇಲೆ ಇಟ್ಟೆ. ಪಕ್ಕದ ಮನೆ ಭಾವ ಬಂದರು. ಅವರಿಗೆ ಇದ್ದಿಲಿನ ಮಹಿಮೆ ವಿವರಿಸಿದೆ. ಬಿಳಿ ಹಾಳೆ ಧೂಳನ್ನಷ್ಟೇ ಹಿಡಿಯುತ್ತದೆ. ಹೊಗೆಯ ಘಾಟು, ವಾಸನೆ ಹಿಡಿಯಲು ಇದ್ದಿಲೇ ಬೇಕು. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳ ಒಳಗೋಡೆಯನ್ನೆಲ್ಲ ಬಿಚ್ಚಿ ಹಾಸಿದರೆ ಒಂದೇ ಒಂದು ಗ್ರಾಂ ಇದ್ದಿಲಿನಲ್ಲಿ ಸಾವಿರ ಚದರ ಮೀಟರ್ ಆಸುಪಾಸು ಜಾಗ.

"ಗುಂಟೆ ಲೆಕ್ಕದಲ್ಲಿ ಹೇಳಿ."

"ಹತ್ತು ಗುಂಟೆ."

ಭಾವ ಕರಿ ಹಾಳೆಯನ್ನು ಕೈಗೆ ತೆಗೆದುಕೊಂಡು ತೂಕ ನೋಡಿದರು. ಅಣ್ಣತಮ್ಮಂದಿರ ಜೊತೆ ಎಂಟು ಗುಂಟೆಗಾಗಿ ಹನ್ನೊಂದು ವರ್ಷ ನಂಜನಗೂಡು ಕೋರ್ಟಿಗೆ ಅಲೆದವರು ಅವರು. ಬಹಳ ಹೊತ್ತು ಬಿಟ್ಟು ಕೇಳಿದರು: "ಪಹಣಿ ಯಾರ ಹೆಸರಲ್ಲಿ ಅದೆ?"

ಇಂಥ ಇದ್ದಿಲನ್ನು ಬಹಳಷ್ಟು ಮಾಡುವುದು ತೆಂಗಿನ ಕರಟದಿಂದ ಎಂದು ನಾನು ಹೇಳಬಾರದಿತ್ತು. ಒಳಗಿನಿಂದ ಅವ್ವ ಬಂದಳು. ನೀರೊಲೆಗೆ ದಿನಾ ಕರಟ ಒಟ್ಟುವವಳು, ಚಿಕ್ಕಂದಿನಲ್ಲಿ ಅದೇ ಇದ್ದಿಲಲ್ಲಿ ಹಲ್ಲುಜ್ಜಿದವಳು. ನಂಜನಗೂಡಿನ ಹಲ್ಲುಪುಡಿ ನಾಡಿಗೆಲ್ಲ ಹೋದ ಮೇಲೂ ಅವಳ ತವರಿನಲ್ಲಿ ಇದ್ದಿಲೇ. "ನಮ್ಮ ಒಲೆ ಬೂದಿಗ ಏಳ್ನೂರಾ?" ಎಂದಳು. ಬೂದಿಯಲ್ಲ ಅವ್ವ, ಅದನ್ನು ಮತ್ತೆ ಹಬೆಯಲ್ಲಿ ಕಾಯಿಸಿ ತೂತು ಬಿಡಿಸಿರುತ್ತಾರೆ, ವರ್ಷಕ್ಕೊಂದು ಸಲ ಬದಲಾಯಿಸಬೇಕು ಎಂದೆ. ಅವ್ವ ದೇವಸ್ಥಾನದ ದಿಕ್ಕಿಗೆ ಕೈ ತೋರಿಸಿದಳು. "ಆ ನಂಜುಂಡಪ್ಪ ಲೋಕದ ನಂಜೆಲ್ಲ ಗಂಟ್ಲಲ್ಲೇ ಇಟ್ಕಂಡು ಕೂತವ್ನ. ಅವ್ನಿಗ ಯಾರ್ಲಾ ವರ್ಷವರ್ಷ ಬದ್ಲಾಯಿಸ್ತರ?"

ಉತ್ತರ ಹೊಳೆಯಲಿಲ್ಲ. ಹೊಳೆಯದ ಸಿಟ್ಟಿಗೇ ಇರಬೇಕು, ಇದ್ದಿಲಿನದನ್ನೇ ಹಾಕಿಬಿಟ್ಟೆ. ಗಾಳಿ ಹೋಗುವ ದಿಕ್ಕಿಗೆ ಒಂದು ಬಾಣದ ಗುರುತಿರುತ್ತದೆ. ಮೊದಲ ಸಲ ಬಾಣ ತಿರುಗುಮುರುಗಾಗಿ, ಡಬ್ಬಿ ಮತ್ತೆ ಕಳಚಿ, ಒಂದು ಕ್ಲಿಪ್ಪು ಮುರಿದು, ಅದಕ್ಕೆ ಹೂಕಟ್ಟುವ ದಾರ ಬಿಗಿದು, ಅಂತೂ ಆಯಿತು.

ಆ ಭಾನುವಾರ ತಿರುಮಕೂಡಲು ನರಸೀಪುರದ ಕಡೆ, ಅವ್ವನ ತಂಗಿಯ ಮನೆಗೆ ಹೊರಟೆವು. ಧೂಳಿಗೂ ಇತಿಹಾಸ ಇರುವ ಸೀಮೆ ಅದು. ಶಾಪಕ್ಕೆ ಮರಳಾಯಿತೆನ್ನುವ ತಲಕಾಡು ಅದೇ ತಾಲ್ಲೂಕು. ಕಿಟಕಿ ಏರಿಸಿ, ಎ.ಸಿ. ಹಾಕಿದೆ. ಗೋಣಿಚೀಲ ಮಾಯ. ಮುಂದೆ ಕಬ್ಬಿನ ತರಗು ಸುಡುತ್ತಿದ್ದರು, ಹೊಗೆ ರಸ್ತೆಗೆ ಅಡ್ಡ ಬಿದ್ದಿತ್ತು, ಒಳಗೆ ಸೊಲ್ಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತ ಒಂದು ಹೊಗಳಿಕೆಗೆ ಕಾದೆ.

ಆಲೆಮನೆ ಬಂತು. ಕೊಪ್ಪರಿಗೆಯಿಂದ ಆವಿ ಏಳುವುದು ಕಾಣುತ್ತಿತ್ತು. ಆ ತಿರುವಿನಲ್ಲಿ ಅವ್ವ ಯಾವತ್ತೂ ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಉಸಿರು ಎಳೆದುಕೊಳ್ಳುವುದು ರೂಢಿ. ಅಂದೂ ಎಳೆದಳು. ಇನ್ನೊಂದು ಸಲ ಎಳೆದಳು. ಕಣ್ಣು ಬಿಟ್ಟು ನೋಡಿದಳು. ಆಲೆಮನೆ ಹಿಂದಕ್ಕೆ ಹೋಗುತ್ತಿತ್ತು.

"ಬೆಲ್ಲದ ವಾಸ್ನ ಬಂತೇನ್ಲಾ ನಿಂಗ?"

"ಇಲ್ಲ ಅವ್ವ."

"ಯಪ್ಪಾ. ನಿಂಗೂ ಇಲ್ವಾ?"

2020ರ ಮಾರ್ಚಿನಲ್ಲಿ ಕೊರೋನಾದ ದೆಸೆಯಿಂದ ನಂಜನಗೂಡಿನ ಹೆಸರು ದಿನಾ ಟಿ.ವಿ.ಯಲ್ಲಿ ಬಂದು, ಮೂಗಿಗೆ ವಾಸನೆ ಹತ್ತದಿದ್ದರೆ ಆಸ್ಪತ್ರೆಗೆ ಎಂದು ಎಲ್ಲರೂ ಬೆದರಿದ್ದ ಕಾಲ ಅವಳಿಗೆ ಇನ್ನೂ ಮರೆತಿರಲಿಲ್ಲ. ಹೆಂಡತಿಯ ತಲೆಯಲ್ಲಿದ್ದ ಮಲ್ಲಿಗೆಯನ್ನು ಕಿತ್ತು ಮೂಗಿಗೆ ಹಿಡಿದುಕೊಂಡಳು. ವಾಸನೆ ಇತ್ತು. ನನ್ನ ಮೂಗಿಗೂ ಹಿಡಿದಳು. ಫಿಲ್ಟರ್, ಇದ್ದಿಲು, ಹತ್ತು ಗುಂಟೆ ಎಲ್ಲ ಇನ್ನೊಮ್ಮೆ ವಿವರಿಸುವಷ್ಟರಲ್ಲಿ ಕಾರು ನಿಂತಿತ್ತು, ಅಂದರೆ ನಿಲ್ಲಿಸಿದ್ದೆ. ರಿವರ್ಸ್‌ನಲ್ಲಿ ಆಲೆಮನೆಯವರೆಗೆ ಹೋದೆವು. ಅವ್ವ ಗುಂಡಿ ಒತ್ತಿ ಕಿಟಕಿ ಇಳಿಸಿದಳು. ಬೆಲ್ಲದ ವಾಸನೆಯ ಜೊತೆ ತರಗಿನ ಹೊಗೆ, ಟ್ರ್ಯಾಕ್ಟರಿನ ಧೂಳು, ಒಂದೆರಡು ನೊಣ ಒಳಗೆ ಬಂದವು.

ಅಂದಿನಿಂದ ನಾಲ್ಕೂ ಕಿಟಕಿ ಕೆಳಗೇ. ಎ.ಸಿ. ಹಾಕಿದರೆ ಅವ್ವನಿಗೆ ಹೊಟ್ಟೆ ತೊಳಸುತ್ತದೆ ಎಂಬ ಹೊಸ ಕಾಯಿಲೆಯೂ ಸೇರಿಕೊಂಡಿದೆ. ಅವಳಿಲ್ಲದ ದಿನವೂ ಅಭ್ಯಾಸಬಲದಿಂದ ಗಾಜು ಇಳಿಸಿಕೊಂಡೇ ಹೋಗುತ್ತೇನೆ.

ಮೊನ್ನೆ ಸರ್ವಿಸಿಗೆ ಬಿಟ್ಟಾಗ ಅಲ್ಲಿಯ ಹುಡುಗ ಡಬ್ಬಿ ಕಳಚಿ, ದಾರ ಬಿಚ್ಚಿ, ಫಿಲ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಎಳೆ ಹೊಟ್ಟಿಲ್ಲ, ಒಂದು ಬತ್ತಿಯಿಲ್ಲ. "ಮೇಂಟೇನೆನ್ಸ್ ಅಂದ್ರೆ ಇದು ನೋಡಿ ಸಾರ್," ಎಂದು ಪಕ್ಕದವನನ್ನು ಕರೆದು ತೋರಿಸಿದ. ಆಮೇಲೆ ಸೀಟಿನ ಮೇಲೆ ಕೈಯಿಟ್ಟು, ಅಂಗೈ ನೋಡಿಕೊಂಡು, ಪ್ಯಾಂಟಿಗೆ ಒರೆಸಿಕೊಂಡ.