ಪಾಯಿನ್ಸೆಟ್ಟಿಯಾ ಬಾಣಂತನ

ಸಂಕ್ರಾಂತಿಯ ಹಿಂದುಮುಂದಿನ ದಿನಗಳಲ್ಲಿ, ಬೆಳಿಗ್ಗೆ ಆರೂವರೆಗೆ, ಮಂಕಿಟೋಪಿ ಹಾಕಿಕೊಂಡ ಒಬ್ಬರು ನಮ್ಮ ಅಪಾರ್ಟ್‌ಮೆಂಟಿನ ಕಸದ ಡಬ್ಬಗಳ ಪಕ್ಕ ಬಗ್ಗಿ ಏನನ್ನೋ ಹುಡುಕುತ್ತಿರುತ್ತಾರೆ. ಹೊಸ ವಾಚ್‌ಮನ್ ಆದರೆ ಸೀಟಿ ಊದುತ್ತಾನೆ. ಹಳಬ ಸೆಲ್ಯೂಟ್ ಹೊಡೆಯುತ್ತಾನೆ. ಅವರು ಮೂರನೇ ಮಹಡಿಯ ರಾಯರು. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಒಂದು ಸಾಲವನ್ನೂ ‘ಇನ್ನು ವಾಪಸ್ ಬರೋಲ್ಲ’ ಎಂದು ಕೈಬಿಟ್ಟವರಲ್ಲ. ನಿವೃತ್ತಿಯ ನಂತರ ಅದೇ ಹಟವನ್ನು ಗಿಡಗಳ ಮೇಲೆ ತಿರುಗಿಸಿದ್ದಾರೆ.

ಡಿಸೆಂಬರ್ ಬಂದರೆ ನಮ್ಮ ಸಂಘದವರು ನರ್ಸರಿಯಿಂದ 24 ಪಾಯಿನ್ಸೆಟ್ಟಿಯಾ ಕುಂಡ ತಂದು, ಚಿನ್ನದ ಬಣ್ಣದ ಕಾಗದ ಸುತ್ತಿ ಕೆಳಗಿನ ಹಾಲ್‌ನಲ್ಲಿ ಸಾಲಾಗಿ ಇಡಿಸುತ್ತಾರೆ. ಎರಡು ವಾರ ಎಲ್ಲರೂ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಜನವರಿ ಹತ್ತರ ಹೊತ್ತಿಗೆ ಎಲೆ ಉದುರಿ ಬರೀ ಕಡ್ಡಿ. ಹದಿಮೂರಕ್ಕೆ ಕಸದ ಡಬ್ಬದ ಪಕ್ಕ. ಹದಿನಾಲ್ಕಕ್ಕೆ ರಾಯರ ಬಾಲ್ಕನಿಯಲ್ಲಿ.

ಅವರು ಮೊದಲು ಕೈ ಹಾಕುವುದು ಆ ಚಿನ್ನದ ಕಾಗದಕ್ಕೆ. “ಇದೇ ಕಣ್ರೀ ಕೊಲೆಗಾರ! ನೀರು ಕೆಳಗಿಳಿಯೋಕೆ ದಾರೀನೇ ಇಲ್ಲ, ಬೇರು ಕೊಳೆಯುತ್ತೆ. ಇವು ಬಾಯಾರಿ ಸತ್ತದ್ದಲ್ಲ, ಮುಳುಗಿ ಸತ್ತದ್ದು” ಎಂದು ಶವಪರೀಕ್ಷೆಯ ವರದಿ ಕೊಡುತ್ತಾರೆ. ಆಮೇಲೆ ತೋರುಬೆರಳನ್ನು ಒಂದು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡುತ್ತಾರೆ. ಒಣಗಿದ್ದರೆ ಮಾತ್ರ ನೀರು. ಅದೇ ಬೆರಳನ್ನು ಎತ್ತಿ ಆಡಿಸುತ್ತಾ ಮಾತಾಡುವ ಅಭ್ಯಾಸ ಅವರಿಗಿರುವುದರಿಂದ, ಅವರೆದುರು ಬಿಳಿ ಅಂಗಿ ಹಾಕಿಕೊಂಡು ನಿಲ್ಲುವುದನ್ನು ನಾನು ಬಿಟ್ಟಿದ್ದೇನೆ.

ರಾಯರು ಲಿಫ್ಟಿನಲ್ಲಿ ಸಿಕ್ಕಾಗ ಬಾಯಿ ತಪ್ಪಿ “ಹೂವು ಚೆನ್ನಾಗಿತ್ತು ಸಾರ್” ಎಂದಿರೋ, ನಿಮ್ಮ ಮಹಡಿ ಬಂದರೂ ಇಳಿಯಲಾರಿರಿ. ಕೆಂಪಗಿರುವುದು ಹೂವಲ್ಲ, ಎಲೆ. ನಡುವೆ ಹಳದಿ ಕಾಳಿನ ಹಾಗೆ ಕಾಣುವುದೇ ಹೂವು. ಮೆಕ್ಸಿಕೋ ಇದರ ತವರು. 1820ರ ದಶಕದಲ್ಲಿ ಅಲ್ಲಿಗೆ ಅಮೆರಿಕದ ರಾಯಭಾರಿಯಾಗಿ ಹೋಗಿದ್ದ ಜೋಯಲ್ ಪಾಯಿನ್ಸೆಟ್ ಇದನ್ನು ತನ್ನೂರಿಗೆ ಕಳಿಸಿದ, ಅವನ ಹೆಸರೇ ಗಿಡಕ್ಕೆ ಅಂಟಿತು. ಇಷ್ಟನ್ನೂ ಒಮ್ಮೆ ಗೇಟಿನ ಬಳಿ ವಿವರಿಸಿದಾಗ ಕರಾವಳಿ ಕಡೆಯ ನಮ್ಮ ಸೆಕ್ಯುರಿಟಿ ಸೂಪರ್‌ವೈಸರ್ ಭಕ್ತಿಯಿಂದ ಕೇಳಿಸಿಕೊಂಡು, “ಈ ಪಾಯಿನ್‌ಶೆಟ್ರು ಯಾವ ಕಡೆಯವರು ಸರ್, ಕುಂದಾಪುರವಾ?” ಎಂದು ಕೇಳಿದ. ಅಂದಿನಿಂದ ರಾಯರಿಗೇ ‘ಪಾಯಿನ್‌ಶೆಟ್ರು’ ಎಂಬ ಹೆಸರು ಬಿತ್ತು.

ಒಮ್ಮೆ ಯಾರೋ ವಾಟ್ಸ್ಆ್ಯಪ್‌ನಲ್ಲಿ ‘ಇದು ಘೋರ ವಿಷದ ಗಿಡ, ಎಚ್ಚರ’ ಎಂದು ಹಾಕಿದರು. ನಮ್ಮ ಹೊಲದ ಬದುವಿನ ಕಳ್ಳಿಯ ದಾಯಾದಿಯೇ ಇದು. ಹಾಲು ತಾಗಿದರೆ ಕೆಲವರಿಗೆ ಚರ್ಮ ಕೆರೆಯುತ್ತದೆ, ಎಲೆ ತಿಂದರೆ ಹೊಟ್ಟೆ ತೊಳೆಸಬಹುದು, ಪ್ರಾಣ ಹೋಗುವಂಥದ್ದೇನಲ್ಲ. ಅದನ್ನು ಸಾಬೀತು ಮಾಡಲು ರಾಯರು ಸಂಘದ ಮಹಾಸಭೆಗೆ ಎಲೆ ಕಿತ್ತುಕೊಂಡು ಬಂದೇ ಬಂದರು. ಅವರ ಹೆಂಡತಿ ಮುಂದಿನ ಸಾಲಿನಿಂದಲೇ “ರೀ” ಎಂದರು. ಎಲೆ ಜೇಬಿಗೆ ವಾಪಸಾಯಿತು.

ಯುಗಾದಿಗೆ ನಮಗೆಲ್ಲ ಬೇವುಬೆಲ್ಲ, ಆ ಗಿಡಗಳಿಗೆ ಕತ್ತರಿ. ಬುಡದಿಂದ ಒಂದು ಗೇಣು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ, ದೊಡ್ಡ ಕುಂಡಕ್ಕೆ ಬದಲಿಸಿ, ಗೊಬ್ಬರ ಹಾಕುತ್ತಾರೆ. ಕತ್ತರಿಸಿದ್ದನ್ನು ಎಸೆದರೆ ಅವರು ರಾಯರೇ ಅಲ್ಲ. ಒಂದೊಂದು ತುಂಡೂ ಒಂದೊಂದು ಮೊಸರಿನ ಡಬ್ಬದಲ್ಲಿ ಚಿಗುರುತ್ತದೆ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ, ಅರವತ್ತರ ಶಾಂತಿಗೆ ಅವರ ಉಡುಗೊರೆ ಏನೆಂದು ಈಗ ಎಲ್ಲರಿಗೂ ಗೊತ್ತು. ಬಿಳಿನೊಣ ಬಂದರೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಹೊಡೆಯುತ್ತಾರೆ, ಅರ್ಧ ನಮ್ಮ ಬಟ್ಟೆ ಒಣಹಾಕಿದ ತಂತಿಗೂ ಬೀಳುತ್ತದೆ. ಗಿಡ ಪೊದೆಯಾಗಲಿ ಎಂದು ಚಿಗುರು ಚಿವುಟುತ್ತಾರೆ, ಅದು ವರಮಹಾಲಕ್ಷ್ಮಿ ಹಬ್ಬದವರೆಗೆ.

ನಿಜವಾದ ಬಾಣಂತನ ಶುರುವಾಗುವುದು ಮಹಾಲಯ ಅಮಾವಾಸ್ಯೆಯಿಂದ.

ಈ ಗಿಡದ ಎಲೆ ಕೆಂಪಾಗಬೇಕಾದರೆ ಉದ್ದನೆಯ ರಾತ್ರಿ ಬೇಕು, ಅದೂ ಎರಡು ತಿಂಗಳು ಒಂದೇ ಸಮನೆ. ನಡುರಾತ್ರಿ ಬಲ್ಬು ಹತ್ತಿದರೆ ಗಿಡದ ಲೆಕ್ಕ ತಪ್ಪಿತು, ಹಸಿರಾಗಿಯೇ ಉಳಿಯಿತು. 14 ಗಂಟೆ ಕತ್ತಲೆ ಇರಲಿ ಎಂದು ಪುಸ್ತಕದವರು ಹೇಳುತ್ತಾರೆ. ಪುಸ್ತಕದವರಿಗೇನು! ರಾಯರು ಸಂಜೆ ಐದೂವರೆಗೆ ಫ್ರಿಜ್ಜು, ವಾಷಿಂಗ್ ಮಷೀನ್, ಟಿವಿಗಳ ರಟ್ಟಿನ ಪೆಟ್ಟಿಗೆಗಳನ್ನು ಗಿಡಗಳ ಮೇಲೆ ಕವುಚುತ್ತಾರೆ. ಬೆಳಿಗ್ಗೆ ಏಳೂವರೆಗೆ ತೆಗೆಯುತ್ತಾರೆ. ಈ ಎರಡು ತಿಂಗಳು ಸಂಜೆಯ ಮದುವೆ ಆರತಕ್ಷತೆ ಇಲ್ಲ, ಮಗಳ ಮನೆ ಇಲ್ಲ, ಧರ್ಮಸ್ಥಳವೂ ಇಲ್ಲ. ಗಾಳಿ ತಾಗಬಾರದು, ಬೆಳಕು ಬೀಳಬಾರದು, ಹೊರಗಿನವರು ಬಂದು ನೋಡಬಾರದು. “ನನ್ನ ಎರಡು ಬಾಣಂತನದಲ್ಲಿ ಒಂದು ದಿನ ಬಂದು ಕಿಟಕಿ ಮುಚ್ಚಿದವರಲ್ಲ ಇವರು” ಎನ್ನುತ್ತಾರೆ ಅವರ ಹೆಂಡತಿ.

ಕಷ್ಟ ಏನೆಂದರೆ, ಈ ಎರಡು ತಿಂಗಳೊಳಗೇ ದೀಪಾವಳಿ ಬರುತ್ತದೆ, ಕಾರ್ತಿಕ ಬರುತ್ತದೆ. ಇಡೀ ಊರು ದೀಪ ಹಚ್ಚುವ ತಿಂಗಳಲ್ಲಿ ರಾಯರು ಕತ್ತಲೆಗೆ ಹರಕೆ ಹೊರುತ್ತಾರೆ. ಎದುರಿನ ಬಾಲ್ಕನಿ ನನ್ನದು. ಅಲ್ಲಿ ಸೀರಿಯಲ್ ಸೆಟ್ ಹಾಕಿದ ಸಂಜೆಯೇ ಬಾಗಿಲು ತಟ್ಟಿದರು. ಕೈಯಲ್ಲಿ ಮೈಸೂರುಪಾಕು, ಕಂಕುಳಲ್ಲಿ ಒಂದು ಕಡುನೀಲಿ ಪರದೆ. “ಹಬ್ಬದ ಉಡುಗೊರೆ. ಈಗಲೇ ಹಾಕಿಬಿಡೋಣ, ಮೊಳೆ ನಾನೇ ತಂದಿದೀನಿ” ಎಂದರು. ಅದೇ ರಾತ್ರಿ ಹನ್ನೊಂದಕ್ಕೆ ಪರದೆ ಸರಿಸಿ ನೋಡುತ್ತೇನೆ: ರಾಯರು ಫ್ರಿಜ್ಜಿನ ಪೆಟ್ಟಿಗೆ ಎತ್ತಿ, ‘ಕೆಂಪಾಯಿತೇ’ ಎಂದು ಮೊಬೈಲ್ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ!

ಅವರ ಹೆಂಡತಿಯ ತವರು ಚಿಕ್ಕಮಗಳೂರು ಕಡೆಯ ಕಾಫಿ ತೋಟ. ಅಲ್ಲಿ ಬಚ್ಚಲುಮನೆಯ ಹಿಂದೆ ಇದೇ ಗಿಡ ಸೂರಿನೆತ್ತರ ಬೆಳೆದು, ಪ್ರತಿ ವರ್ಷ ತನ್ನಷ್ಟಕ್ಕೆ ಧಗಧಗ ಕೆಂಪಾಗುತ್ತದಂತೆ. ಆಗದೇ ಏನು? ನಮ್ಮ ಸೀಮೆಯಲ್ಲಿ ಅಕ್ಟೋಬರ್‌ನಲ್ಲೇ ರಾತ್ರಿ 12 ಗಂಟೆ ದಾಟುತ್ತದೆ, ಡಿಸೆಂಬರ್‌ಗೆ ಹನ್ನೆರಡೂವರೆ. ಬೀದಿದೀಪವೊಂದು ಇಲ್ಲದಿದ್ದರೆ ಗಿಡಕ್ಕೆ ಅಷ್ಟೇ ಸಾಕು. “ನಮ್ಮಪ್ಪ ಅದಕ್ಕೆ ಮುಖ ತೊಳೆದ ನೀರು ಬಿಟ್ಟು ಬೇರೇನೂ ಹಾಕಿದ್ದಿಲ್ಲ” ಎಂದು ಆಕೆ ಹೇಳಿದಾಗ ರಾಯರಿಗೆ ಇದ್ದಕ್ಕಿದ್ದಂತೆ ಕಿವಿ ಮಂದವಾಗುತ್ತದೆ.

ಹೋದ ಕ್ರಿಸ್‌ಮಸ್‌ಗೆ ಹನ್ನೊಂದು ಕುಂಡಗಳಲ್ಲಿ ಮೂರು ಕೆಂಪಾದವು. ಪೂರ್ತಿಯಲ್ಲ, ಎಲೆಯಡಿಕೆ ಹಾಕಿಕೊಂಡ ತುಟಿಯ ಹಾಗೆ ಅಲ್ಲಲ್ಲಿ. ಸಂಘದವರು ಎಂದಿನಂತೆ ಹೊಸ 24 ತಂದಿದ್ದರು. ರಾಯರು ತಮ್ಮ ಮೂರನ್ನೂ ಅವುಗಳ ನಡುವೆ ತಂದಿಟ್ಟರು. ಇವು ಸೊಂಟದೆತ್ತರ, ಅವು ಮೊಣಕಾಲಿಗೂ ಬಾರವು. ನರ್ಸರಿಯಲ್ಲಿ ಗಿಡ ಕುಳ್ಳಗಿರಲೆಂದು ಮದ್ದು ಹಾಕುತ್ತಾರೆ. ಅದರ ಪ್ರಭಾವ ಇಳಿದರೆ ಕಾಲು ಚಾಚಿ ಬೆಳೆಯುವುದೇ ಅದರ ಸ್ವಭಾವ. ಯಾರೋ ನಕ್ಕರು. ರಾಯರು ಮಣ್ಣಿನ ಬೆರಳೆತ್ತಿದರು: “ಅವು ಮದ್ದು ಕುಡಿದ ಮಕ್ಕಳು ಕಣ್ರೀ. ಇವು ಮನೆ ಊಟ ಮಾಡಿದವು.”

ಈ ಜನವರಿಯಲ್ಲಿ ಆ 24ರಲ್ಲಿ 19 ಅವರ ಪಾಲಾಗಿವೆ. ಬಾಲ್ಕನಿ ತುಂಬಿ, ಮೆಟ್ಟಿಲು ತುಂಬಿ, ಈಗ ನನ್ನ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಬಂದಿವೆ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ಮನೆಯ ಪಾಯಿನ್ಸೆಟ್ಟಿಯಾ ಎಲೆ ಉದುರಿಸಿದ್ದರೆ ಬೀದಿಗೆ ಇಡಬೇಡಿ, ಅದು ಸತ್ತಿಲ್ಲ. ಕಾಗದ ಬಿಚ್ಚಿ, ಒಂದು ಗೇಣು ಬಿಟ್ಟು ಕತ್ತರಿಸಿ, ಬಿಸಿಲಿರುವ ಕಡೆ ನೀವೇ ಇಟ್ಟುಕೊಳ್ಳಿ. ದೊಡ್ಡ ರಟ್ಟಿನ ಪೆಟ್ಟಿಗೆ ಬೇಕಾದರೆ ನಮ್ಮಲ್ಲಿ ಬೇಕಾದಷ್ಟಿವೆ.