ಸಾಗವಾನಿ ನೆಲದ ಸಾಹುಕಾರರಿಗೊಂದು ಬಿನ್ನವತ್ತಳೆ

ಕಳಸಾಪುರ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿರುವ ನಮ್ಮ ಸಾಹುಕಾರರ ಗುಣಗಾನ ಮಾಡದೆ ಸುಮ್ಮನಿರುವುದು ಮಹಾಪರಾಧವಾದೀತು.

ಗದಗ ಸೀಮೆಯ ನಮ್ಮ ಹಿರಿಯರು ತೀರ ಅಲ್ಪತೃಪ್ತರು. ಪಡಸಾಲೆಗೆ ಹೆಂಡಿ ಸಾರಿಸಿದರು, ಕೈಯಲ್ಲಿ ಕಾಸಾಡಿದಾಗ ಶಹಾಬಾದ ಫರಸಿ ಹಾಸಿದರು. ಬೆಕ್ಕೋ ಕರುವೋ ಉಚ್ಚೆ ಹೊಯ್ದರೆ ಒಂದು ಕೊಡ ನೀರು ಸುರಿದು, ಕಸಬರಿಗೆ ಆಡಿಸಿ, ಸಂಗತಿಯನ್ನೇ ಮರೆತುಬಿಟ್ಟರು. ಇಷ್ಟು ಸಲೀಸಾಗಿ ಮುಗಿಯುವ ಕೆಲಸದಲ್ಲಿ ಪುರುಷಾರ್ಥವೇನಿದೆ? ಇದನ್ನು ಮನಗಂಡೇ ಸಾಹುಕಾರರು ದಾಂಡೇಲಿಯ ಸಾಗವಾನಿ ಹಲಗೆ ತರಿಸಿ ಹಾಲಿನ ತುಂಬ ಹಾಸಿಸಿದರು. ಅದಕ್ಕೊಪ್ಪುವ ಆಭರಣವಾಗಿ ಮುಧೋಳದ ಬೇಟೆನಾಯಿಯನ್ನೂ ತಂದರು. ಬಯಲಲ್ಲಿ ಮೊಲದ ಬೆನ್ನಟ್ಟಲೆಂದೇ ಬೆಳೆದುಬಂದ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ವಿರಾಜಿಸಿದ ಆ ಘನ ತಳಿಯನ್ನು ಬಿಸಿಲು, ಧೂಳು, ಹುಲ್ಲು ಯಾವುದೂ ಸೋಕದಂತೆ ಹಗಲಿಡೀ ಸೋಫಾದ ಕಾಲಿಗೆ ಕಟ್ಟಿ ಕಾಪಾಡಿದ ಅವರ ವಾತ್ಸಲ್ಯವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ನಾಯಿಯೂ ಉಂಡ ಮನೆಯ ಋಣ ಮರೆಯಲಿಲ್ಲ. ತನ್ನ ಬಳಿ ಇದ್ದುದನ್ನು ಅಲ್ಲೇ ಸಮರ್ಪಿಸಿತು.

ಆಗ ಮನೆಗೆಲಸ ಮುಗಿಸಿ ಹೊರಟಿದ್ದ ಬಡಿಗನೊಬ್ಬ, "ಯಜಮಾನ್ರ, ಹಸೀ ಇದ್ದಾಗನ ಒಣ ಅರಿವಿ ಒತ್ತಿ ಹೀರಿಸಿಬಿಡ್ರಿ. ತಿಕ್ಕಬ್ಯಾಡ್ರಿ, ನೀರಂತೂ ಹೊಯ್ಯಾಕ ಹೋಗಬ್ಯಾಡ್ರಿ" ಎಂದು ಬಾಯಿ ಹಾಕಿದ್ದುಂಟು. ಎರಡು ನಿಮಿಷದಲ್ಲಿ ಮುಗಿಯುವ ಉಪಾಯಕ್ಕೆ ಸಾಹುಕಾರರು ಕಿವಿಗೊಡಲಿಲ್ಲ. ಅವರದು ತಾಳ್ಮೆಯ ದಾರಿ. ಉಚ್ಚೆಯೊಳಗಿನ ಯೂರಿಯಾ ಒಡೆದು ಅಮೋನಿಯಾ ಆಗಲು, ಆ ಅಮೋನಿಯಾ ಕಟ್ಟಿಗೆಯ ಟ್ಯಾನಿನ್ ಜೊತೆ ಕೂಡಿ ಹಲಗೆಯನ್ನು ಒಳಗಿನಿಂದಲೇ ಕಪ್ಪಾಗಿಸಲು ಎಷ್ಟು ಕಾಲ ಬೇಕೋ ಅಷ್ಟನ್ನೂ ಉದಾರವಾಗಿ ಕೊಟ್ಟರು.

ಆಮೇಲೆ ಶುರುವಾಯಿತು ಕರ್ಮಯೋಗ. "ಏ, ಒಂದು ಬಕೀಟು ನೀರು ಹೊಯ್ರಿ, ತಾನ ಹೊಕ್ಕೈತಿ" ಎಂದು ಅಪ್ಪಣೆಯಾಯಿತು. ನೀರು ಸಂದುಗಳಿಗೆ ಇಳಿದು, ಅದುವರೆಗೆ ಸಪಾಟಾಗಿ ಬಿದ್ದುಕೊಂಡಿದ್ದ ಹಲಗೆಗಳು ಅಂಚೆತ್ತಿ ಯಜಮಾನರಿಗೆ ಎದ್ದು ಗೌರವ ಸಲ್ಲಿಸಿದವು. ನಂತರ ಫಿನಾಯಿಲ್ ಬಂತು. ವಾಸನೆಯನ್ನು ಹೊರಗಟ್ಟುವ ಒರಟುತನ ತೋರದೆ ಅದಕ್ಕೊಂದು ಜೋಡಿ ಒದಗಿಸಿತು. ಆದರೂ ಅವರ ಪ್ರತಿಭೆ ಶಿಖರ ಮುಟ್ಟಿದ್ದು ಬ್ಲೀಚಿಂಗ್ ಪುಡಿಯ ಪ್ರಯೋಗದಲ್ಲಿ. ಅಮೋನಿಯಾದ ಮೇಲೆ ಬ್ಲೀಚಿಂಗ್ ಬಿದ್ದರೆ ಕ್ಲೋರಮೈನ್ ಎಂಬ ವಿಷಗಾಳಿ ಏಳುತ್ತದೆ, ಅದರ ಮೇಲೆ ವಿನೆಗರ್ ಸುರಿದರೆ ಕ್ಲೋರಿನ್ನೇ ಹೊರಡುತ್ತದೆ. ಕಾರ್ಖಾನೆಗಳು ಕಾಯಿದೆಗೆ ಅಂಜಿ ಮಾಡುವ ಈ ಕೆಲಸವನ್ನು ಸಾಹುಕಾರರು ಬರಿಗೈಯಲ್ಲಿ, ಹೆಂಡಿರು ಮಕ್ಕಳ ಸಮ್ಮುಖದಲ್ಲಿ ನೆರವೇರಿಸಿದರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನೇ ತಿರುಗಿಸುವ ನಮ್ಮೂರ ಗಾಳಿ ಒಳಗೆ ನುಗ್ಗಿ ಈ ಫಲವನ್ನು ಚದುರಿಸೀತೆಂದು ಕಿಟಕಿಗಳನ್ನೂ ಮುಚ್ಚಿಸಿದ್ದರು. ಮನೆಮಂದಿಯ ಕಣ್ಣಲ್ಲಿ ಅಂದು ಧಾರಾಕಾರ ನೀರು.

ಬಡಿಗ ಮತ್ತೊಮ್ಮೆ ಬಂದ. 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಅರಿವಿಯನ್ನು ಕಲೆಯ ಮೇಲಷ್ಟೇ ಕೆಲ ಗಂಟೆ ಹಾಸಿಡೋಣ, ವಾಸನೆಗೆ ಎಂಜೈಮ್ ದ್ರಾವಣ ಹಾಕೋಣ, ಒಣಗಿದ ಮೇಲೆ ಮರಳು ಕಾಗದ ತಿಕ್ಕಿ ಪಾಲಿಶ್ ಕೊಡೋಣ, ಅದಕ್ಕೂ ಜಗ್ಗದಿದ್ದರೆ ಆ ಎರಡು ಹಲಗೆಗಳನ್ನೇ ಬದಲಿಸೋಣ ಎಂದ. ನಾಯಿಯನ್ನು ದಿನಕ್ಕೆರಡು ಸಲ ಹೊರಗೆ ಅಡ್ಡಾಡಿಸಬೇಕೆಂದೂ ಸೇರಿಸಿದ. ಮನೆ ಮರ್ಯಾದೆ ಬಲ್ಲ ಯಾರು ತಾನೆ ಇಂಥ ಮಾತು ಸಹಿಸಿಯಾರು? ಸಾಹುಕಾರರು ಅವನಿಗೆ ಚಹಾ ಕುಡಿಸಿ ಕಳಿಸಿದರು; ಕೂಲಿ ಉಳಿಸಿದರು.

ಉಳಿಸಿದ ಆ ಹಣಕ್ಕೆ ಇನ್ನಷ್ಟು ಕೂಡಿಸಿ ಕಲೆಯ ಮೇಲೆ ನವಲಗುಂದದ ಜಮಖಾನೆ ಹಾಸಿದರು. ಕಣ್ಣಿಗೆ ಕಾಣದ್ದು ಇಲ್ಲವೆಂಬ ಅವರ ತತ್ತ್ವವನ್ನು ನಾಯಿ ಮಾತ್ರ ಒಪ್ಪಲಿಲ್ಲ. ಹಳೆಯ ವಾಸನೆಯ ಜಾಡು ಹಿಡಿದು ಅದೇ ಜಾಗಕ್ಕೆ ಬಂದು, ಜಮಖಾನೆಯ ನವಿಲಿನ ಮೇಲೆ ತನ್ನ ಹಕ್ಕನ್ನು ಪುನಃ ಸ್ಥಾಪಿಸಿತು. ಸಾಹುಕಾರರು ಎದೆಗುಂದಿಲ್ಲ. ಇನ್ನೊಂದು ಬಕೀಟು ನೀರಿಗೆ ಈಗಾಗಲೇ ಅಪ್ಪಣೆಯಾಗಿದೆ.

ಇಂಥವರ ದರ್ಶನಕ್ಕೆ ಹೋಗುವವರು ದಯವಿಟ್ಟು ಚಪ್ಪಲಿ ಹೊರಗೇ ಬಿಡಬೇಕು. ಸಾಗವಾನಿ ನೆಲ ಹಾಳಾದೀತು.